ಎಡ ಭುಜ ಮೊದಲು: ಪಾರ್ಶ್ವವಾಯುವಿನ ನಂತರದ ಕುರ್ಚಿ ಯೋಗ, ಒಂದು ಪ್ರಕರಣ ಅಧ್ಯಯನ

ಇದು ಒಬ್ಬರೇ ವ್ಯಕ್ತಿಯ ವೈದ್ಯಕೀಯ ದಾಖಲೆಯಲ್ಲ. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಯೋಗ ಕಲಿಸುವಾಗ ಪದೇ ಪದೇ ಎದುರಾಗುವ ಸಂಗತಿಗಳನ್ನು ಒಂದೇ ಪ್ರಕರಣವಾಗಿ ಜೋಡಿಸಿದೆ. ಇಲ್ಲಿನ ಅಳತೆಗಳು ಅಂಥ ಸ್ಥಿತಿಯಲ್ಲಿ ಸಾಮಾನ್ಯವಾಗಿ ಕಾಣಬಹುದಾದ ಮಟ್ಟದವು, ಮಾದರಿಗಾಗಿ ಕೊಟ್ಟವು.

ಪರಿಸ್ಥಿತಿ

58 ವರ್ಷದ ಮಹಿಳೆ. ಏಳು ತಿಂಗಳ ಹಿಂದೆ ಮೆದುಳಿನ ಬಲಭಾಗದ ರಕ್ತನಾಳ ಕಟ್ಟಿಕೊಂಡು ದೇಹದ ಎಡಭಾಗ ಸ್ವಾಧೀನ ತಪ್ಪಿತ್ತು. ಮಾತು ಸ್ಪಷ್ಟವಾಗಿದೆ. ಎಡಪಾದಕ್ಕೆ ಪ್ಲಾಸ್ಟಿಕ್ ಸ್ಪ್ಲಿಂಟ್ ಹಾಕಿಕೊಂಡು, ಬಲಗೈಯಲ್ಲಿ ಊರುಗೋಲು ಹಿಡಿದು ಮನೆಯೊಳಗೆ ನಡೆಯುತ್ತಾರೆ. ಎಡಗೈ ಮೊಣಕೈಯಲ್ಲಿ ಮಡಚಿಕೊಂಡು ಎದೆಯ ಕಡೆಗೆ ಬರುತ್ತದೆ, ಬೆರಳುಗಳು ಮುಷ್ಟಿ ಕಟ್ಟುತ್ತವೆ. ಬಿಪಿಗೆ ಎರಡು ಬಗೆಯ ಮಾತ್ರೆ, ಜೊತೆಗೆ ರಕ್ತ ಹೆಪ್ಪುಗಟ್ಟದಂತೆ ಒಂದು ಮಾತ್ರೆ. ಫಿಸಿಯೋಥೆರಪಿ ವಾರಕ್ಕೊಂದು ದಿನಕ್ಕೆ ಇಳಿದಿದೆ. ವೈದ್ಯರ ಒಪ್ಪಿಗೆ ಪಡೆದು ವಾರಕ್ಕೆ ಎರಡು ದಿನ, 40 ನಿಮಿಷದ ಕುರ್ಚಿ ಯೋಗಕ್ಕೆ ಸೇರಿದ್ದಾರೆ.

ಪಾರ್ಶ್ವವಾಯುವಿಗೆ ಮೊದಲು ಹದಿನೈದು ವರ್ಷ ಯೋಗ ಮಾಡಿದವರು ಎನ್ನುವುದು ಅನುಕೂಲವೆಂದು ಶಿಕ್ಷಕರಿಗೆ ಅನಿಸಿತ್ತು. ಹಾಗಾಗಲಿಲ್ಲ. ಅವರ ದೇಹಕ್ಕೆ ಹಳೆಯ ಆಸನಗಳ ಕೊನೆಯ ರೂಪ ಗೊತ್ತು, ಆ ರೂಪಕ್ಕೆ ಹೇಗಾದರೂ ತಲುಪಬೇಕೆಂಬ ಹಟವೂ ಇತ್ತು. ಶಿಕ್ಷಕರಿಗೋ, ಎರಡೂ ಕಡೆ ಸಮವಾಗಿ ಮಾಡಿಸಬೇಕೆಂಬ ಅಭ್ಯಾಸ. ಈ ಹಟ ಮತ್ತು ಈ ಅಭ್ಯಾಸ ಸೇರಿ ನಾಲ್ಕೇ ವಾರದಲ್ಲಿ ಎಡ ಭುಜವನ್ನು ನೋಯಿಸಿದವು.

ಮೊದಲ ದಿನದ ಪರೀಕ್ಷೆ: ನೋಡಿದ್ದು, ಬಿಟ್ಟದ್ದು

ಮೊದಲ ದಿನ ಬಿಪಿ ನೋಡಲಾಯಿತು, ಕುಳಿತಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ ಆ ದಿನ ನಿಲ್ಲುವ ಆಸನ ಬೇಡ. ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಅಪರೂಪವೇನಲ್ಲ. ವಿಶ್ರಾಂತಿಯಲ್ಲಿದ್ದಾಗಲೇ 180/110 ದಾಟಿದ್ದರೆ ವ್ಯಾಯಾಮ ಶುರು ಮಾಡುವಂತಿಲ್ಲ. ಇವರಿಗೆ ವೈದ್ಯರು ಅದಕ್ಕಿಂತ ಕಡಿಮೆ ಮಿತಿ ಬರೆದುಕೊಟ್ಟಿದ್ದರು, 160/100. ಕುರ್ಚಿಯಿಂದ ಐದು ಸಲ ಎದ್ದು ಕೂರಲು 28 ಸೆಕೆಂಡ್ ಹಿಡಿಯಿತು.

ನಿಂತಾಗ ತೂಕ ಯಾವ ಕಾಲಿನ ಮೇಲಿದೆ ಎಂದು ತಿಳಿಯಲು ಒಂದೇ ಮಾದರಿಯ ಎರಡು ತೂಕದ ಯಂತ್ರಗಳನ್ನು ಪಕ್ಕಪಕ್ಕ ಇಟ್ಟು, ಒಂದೊಂದರ ಮೇಲೆ ಒಂದೊಂದು ಪಾದ ಇಡಿಸಿದರು. ಒಟ್ಟು ತೂಕ ನೂರು ಪಾಲು ಎಂದುಕೊಂಡರೆ ಬಲಗಾಲಿನ ಮೇಲೆ 70, ಎಡಗಾಲಿನ ಮೇಲೆ 30. ಯಂತ್ರಗಳ ದಪ್ಪ ಒಂದೇ ಇರಬೇಕು, ಇಲ್ಲದಿದ್ದರೆ ಸೊಂಟವೇ ಓರೆಯಾಗಿ ಅಂಕಿ ಸುಳ್ಳಾಗುತ್ತದೆ. ಬಲಬದಿಗೆ ಭಾರವಾದ ಮೇಜೂ ಎಡಬದಿಗೆ ಸಹಾಯಕರೂ ಇಲ್ಲದೆ ಈ ಪರೀಕ್ಷೆ ಮಾಡಬಾರದು.

ಭುಜವನ್ನು ಮಾತ್ರ ಯಾರೂ ಸರಿಯಾಗಿ ನೋಡಲಿಲ್ಲ. "ನೋವಿದೆಯಾ?" ಎಂದು ಕೇಳಿದರು, "ಇಲ್ಲ" ಎಂದರು, ಅಷ್ಟೇ. ನಾಲ್ಕು ವಾರದ ನಂತರ ಫಿಸಿಯೋಥೆರಪಿಸ್ಟ್ ನೋಡಿದಾಗ ಭುಜದ ತುದಿಯ ಮೂಳೆಯ ಕೆಳಗೆ ಒಂದೂವರೆ ಬೆರಳಿನಷ್ಟು ತಗ್ಗು ಸಿಕ್ಕಿತು: ತೋಳಿನ ಮೂಳೆಯ ಗುಂಡು ಕೀಲಿನಿಂದ ಕೆಳಕ್ಕೆ ಜಾರಿತ್ತು. ಹಿಡಿದಿಡಬೇಕಾದ ಸ್ನಾಯುಗಳು ಸೋತಾಗ ತೋಳಿನ ಭಾರವೇ ಕೀಲನ್ನು ಕೆಳಕ್ಕೆಳೆಯುತ್ತದೆ. ಕಣ್ಣು ಮುಚ್ಚಿಸಿ ಎಡ ಹೆಬ್ಬೆರಳನ್ನು ಮೇಲಕ್ಕೋ ಕೆಳಕ್ಕೋ ಅಲುಗಿಸಿ ಕೇಳಿದರೆ ಹತ್ತರಲ್ಲಿ ಐದು ಉತ್ತರ ಸರಿ, ಅಂದರೆ ಬರೀ ಊಹೆ. ಕಾಗದದ ಮೇಲೆ 20 ಸೆಂ.ಮೀ. ಗೆರೆ ಎಳೆದು ಮಧ್ಯಕ್ಕೆ ಗುರುತು ಹಾಕಿ ಎಂದಾಗ ಗುರುತು ಮೂರು ಸೆಂ.ಮೀ. ಬಲಕ್ಕೆ ಬಿತ್ತು. ಎಡಗಡೆಯ ಜಗತ್ತು ಕಣ್ಣಿಗೆ ಬಿದ್ದರೂ ಗಮನಕ್ಕೆ ಬರುತ್ತಿರಲಿಲ್ಲ. ಇಂಥವರಲ್ಲಿ "ನೋವಿಲ್ಲ" ಎಂಬ ಉತ್ತರಕ್ಕೆ ಬೆಲೆ ಕಡಿಮೆ.

ಎಡವಿದ್ದು ಎಲ್ಲಿ

ಮೊದಲ ವಾರದಿಂದಲೇ ತರಗತಿ ಶುರುವಾಗುತ್ತಿದ್ದುದು ಊರ್ಧ್ವ ಹಸ್ತಾಸನದ ಕುರ್ಚಿ ರೂಪದಿಂದ. ಬೆರಳುಗಳನ್ನು ಹೆಣೆದು, ಬಲಗೈಯಿಂದ ಎಡಗೈಯನ್ನು ಎತ್ತಿಕೊಂಡು, ಎರಡೂ ಕೈ ತಲೆಯ ಮೇಲೆ, ಹತ್ತು ಸಲ. ನೋಡುವವರಿಗೆ ತುಂಬಾ ಚೆನ್ನ. ಸ್ವಾಧೀನವಿಲ್ಲದ ಕೈ ಕಿವಿಯ ಪಕ್ಕಕ್ಕೆ ಬಂದು ನಿಂತಾಗ ಅವರ ಮುಖ ಅರಳುತ್ತಿತ್ತು, ಮನೆಯವರು ಫೋಟೋ ತೆಗೆಯುತ್ತಿದ್ದರು. ಎರಡನೇ ವಾರ ಹತ್ತು ಇಪ್ಪತ್ತಾಯಿತು.

ತರಗತಿಯಲ್ಲಿ ಒಮ್ಮೆಯೂ ನೋವಾಗಲಿಲ್ಲ. ರಾತ್ರಿ ಎಡಮಗ್ಗುಲಾದಾಗ ಆಗುತ್ತಿತ್ತು. ಅದು ಹಾಸಿಗೆಯ ದೋಷವೆಂದುಕೊಂಡು ಯಾರೂ ಯೋಗಕ್ಕೆ ತಳಕು ಹಾಕಲಿಲ್ಲ. ನಾಲ್ಕನೇ ವಾರದ ಹೊತ್ತಿಗೆ ರವಿಕೆಯ ತೋಳು ಹಾಕಿಸುವಾಗಲೇ ಚೀರುವಂತಾಯಿತು. ತೋಳನ್ನು ಬೇರೆಯವರು ಭುಜದ ಮಟ್ಟಕ್ಕೆ ಎತ್ತಿದರೆ ನೋವು ಹತ್ತಕ್ಕೆ ಏಳು.

ಕಾರಣ ಕೀಲಿನ ರಚನೆಯಲ್ಲೇ ಇದೆ. ತೋಳು ಪಕ್ಕದಿಂದ ಕಿವಿಯವರೆಗೆ ಏರುವ 180 ಡಿಗ್ರಿಯಲ್ಲಿ ಸುಮಾರು 120 ಮಾತ್ರ ಭುಜದ ಕೀಲಿನದು. ಉಳಿದ 60 ಡಿಗ್ರಿ ಬೆನ್ನ ಮೇಲಿನ ಭುಜಫಲಕ ತಿರುಗಿ ಕೊಡಬೇಕು. ಜೊತೆಗೆ ತೋಳಿನ ಮೂಳೆ ಹೊರಮುಖವಾಗಿ ಹೊರಳಬೇಕು. ಆಗ ಮಾತ್ರ ಅದರ ತಲೆಯ ಮೇಲಿನ ಉಬ್ಬು ಭುಜದ ತುದಿಮೂಳೆಯ ಚಾವಣಿಗೆ ತಾಗದೆ ನುಸುಳುತ್ತದೆ. ಇವರಲ್ಲಿ ಭುಜಫಲಕವನ್ನು ತಿರುಗಿಸುವ ಸ್ನಾಯುಗಳಿಗೆ ಶಕ್ತಿಯಿಲ್ಲ, ತೋಳನ್ನು ಒಳಕ್ಕೆಳೆಯುವ ಸ್ನಾಯುಗಳಿಗೆ ವಿಪರೀತ ಬಿಗಿ. ಬೆರಳು ಹೆಣೆದರೆ ತೋಳು ಇನ್ನಷ್ಟು ಒಳಮುಖವಾಗುತ್ತದೆ. ಆ ಸ್ಥಿತಿಯಲ್ಲಿ ಬಲಗೈಯ ಪೂರ್ತಿ ಬಲದಿಂದ ಎತ್ತಿದಾಗ, ಚಾವಣಿಗೂ ಉಬ್ಬಿಗೂ ನಡುವೆ ಇರುವ ಸ್ನಾಯುರಜ್ಜು ಪ್ರತಿ ಸಲವೂ ಅರೆದುಹೋಗುತ್ತದೆ. ಸ್ಪರ್ಶಜ್ಞಾನ ಕಡಿಮೆಯಿರುವುದರಿಂದ ಎಚ್ಚರಿಕೆ ಆ ಕ್ಷಣಕ್ಕೆ ಬರುವುದಿಲ್ಲ, ಊತ ಬಂದ ಮೇಲೆ ಬರುತ್ತದೆ.

ಹಗ್ಗ-ರಾಟೆ ಕಟ್ಟಿ ಒಳ್ಳೆಯ ಕೈಯಿಂದ ಸೋತ ಕೈಯನ್ನು ಮೇಲಕ್ಕೆಳೆಯುವ ವ್ಯಾಯಾಮವನ್ನು ಮಾಡಿಸಬಾರದೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ 2016ರ ಪಾರ್ಶ್ವವಾಯು ಪುನಶ್ಚೇತನ ಮಾರ್ಗಸೂಚಿ ಹೇಳುತ್ತದೆ. ಬೆರಳು ಹೆಣೆದ ಊರ್ಧ್ವ ಹಸ್ತಾಸನವೂ ರಾಟೆಯಿಲ್ಲದ ಅದೇ ವ್ಯಾಯಾಮ. ಆಸನದ ಹೆಸರು ಇದ್ದುದರಿಂದ ಯಾರಿಗೂ ಹಾಗೆ ಕಾಣಲಿಲ್ಲ.

ಇನ್ನೆರಡು ಸಣ್ಣ ತಪ್ಪುಗಳೂ ಸೇರಿದ್ದವು. ಏಳಿಸುವಾಗ ಸಹಾಯಕರು ಎಡ ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದರು. ಕೊನೆಯ ವಿಶ್ರಾಂತಿಯಲ್ಲಿ ಎಡಗೈ ಕುರ್ಚಿಯ ಪಕ್ಕಕ್ಕೆ ಜಾರಿ ಐದೈದು ನಿಮಿಷ ಜೋತಾಡುತ್ತಿತ್ತು. ಒಂದು ದಿನ ಅದು ಮಡಚುವ ಕುರ್ಚಿಯ ಸಂದಿಗೆ ಸಿಕ್ಕಿ ಬೆರಳಿನ ಚರ್ಮ ನೀಲಿಗಟ್ಟಿತು. ರಕ್ತ ತೆಳುವಾಗಿಸುವ ಮಾತ್ರೆಯಿಂದ ಸಣ್ಣ ಒತ್ತಡಕ್ಕೂ ಹಾಗಾಗುತ್ತದೆ. ಅವರಿಗೆ ಗೊತ್ತೇ ಆಗಿರಲಿಲ್ಲ.

ಭುಜದ ಜೊತೆಗೆ ಅಂಗೈ ಊದಿಕೊಂಡು, ಚರ್ಮ ಬಿಸಿಯಾಗಿ ಮಿನುಗುತ್ತ, ಮಣಿಕಟ್ಟು ಬಗ್ಗಿಸಿದರೆ ನೋವಾಗುತ್ತಿದ್ದರೆ ಅದು ಬೇರೆಯದೇ ತೊಡಕಿನ ಲಕ್ಷಣ. ಆಗ ತರಗತಿ ನಿಲ್ಲಿಸಿ ಅದೇ ವಾರ ವೈದ್ಯರ ಬಳಿ ಕಳಿಸಬೇಕು. ಇಲ್ಲಿ ಅದು ಇರಲಿಲ್ಲ. ಎರಡು ವಾರ ಯೋಗ ನಿಂತಿತು. ಆ ಸಮಯದಲ್ಲಿ ಫಿಸಿಯೋಥೆರಪಿಸ್ಟ್ ಮತ್ತು ಯೋಗ ಶಿಕ್ಷಕರು ಕೂತು ಪಾಠವನ್ನು ಹೊಸದಾಗಿ ಕಟ್ಟಿದರು.

ಭುಜದಿಂದ ಹೊರಟ ಹೊಸ ಪಾಠ

ಆಸನ ಆರಿಸಿ ಅದಕ್ಕೆ ಭುಜವನ್ನು ಹೊಂದಿಸುವುದು ಹಳೆಯ ಕ್ರಮ. ಈಗ ಮೊದಲು ಭುಜ ಕೂರಬೇಕು, ಆಮೇಲೆ ಉಳಿದದ್ದು. ಎಡಗೈ ಎಂದೂ ಆಧಾರವಿಲ್ಲದೆ ಜೋತಾಡಬಾರದು. ಬಲಗೈ ಅದನ್ನು ಭುಜದ ಮಟ್ಟಕ್ಕಿಂತ ಮೇಲೆ ಎಳೆಯಬಾರದು. ಕುಳಿತಾಗಲೆಲ್ಲ ಮುಂಗೈಯ ಕೆಳಗೆ ದಿಂಬು, ಮೊಣಕೈ ಸೊಂಟಕ್ಕಿಂತ ತುಸು ಮುಂದೆ.

ಕುರ್ಚಿಯೂ ಬದಲಾಯಿತು: ಮಡಚದ, ಗಾಲಿಯಿಲ್ಲದ, 45 ಸೆಂ.ಮೀ. ಎತ್ತರದ್ದು, ಬೆನ್ನು ಗೋಡೆಗೆ ತಾಗಿಸಿ ಇಟ್ಟದ್ದು. ಪಾದ ಪೂರ್ತಿ ನೆಲಕ್ಕೂರದಿದ್ದರೆ ಕೆಳಗೆ ಬ್ಲಾಕ್. ಬರೀ ಮುಂಗಾಲು ತಾಗಿದರೆ ಮೀನಖಂಡ ಬಿಗಿದು ಪಾದ ತಟತಟ ಕುಣಿಯಲು ತೊಡಗುತ್ತದೆ. ಮೊಣಕಾಲಿನ ಮೇಲೆ ಅಂಗೈಯಿಟ್ಟು ಹಿಮ್ಮಡಿ ನೆಲಕ್ಕೂರುವಂತೆ ಮೆಲ್ಲಗೆ ಒತ್ತಿ ಹಿಡಿದರೆ ನಿಲ್ಲುತ್ತದೆ.

ಊರ್ಧ್ವ ಹಸ್ತಾಸನದ ಜಾಗಕ್ಕೆ ಬಂದದ್ದು ಮೇಜಿನ ಮೇಲೆ ಕೈ ಜಾರಿಸುವುದು. ಮೇಜಿನ ಎತ್ತರ ಕುಳಿತಾಗಿನ ಮೊಣಕೈಯ ಮಟ್ಟಕ್ಕೆ ಸರಿಯಾಗಿರಬೇಕು. ಎತ್ತರವಾದರೆ ಭುಜ ಕಿವಿಗೇರುತ್ತದೆ, ತಗ್ಗಾದರೆ ತೋಳಿನ ಭಾರ ಕೀಲನ್ನು ಕೆಳಕ್ಕೆಳೆಯುತ್ತದೆ. ಮೇಜಿನ ಅಂಚಿಗೂ ಹೊಟ್ಟೆಗೂ ನಡುವೆ ಒಂದು ಮುಷ್ಟಿ ಜಾಗ. ನಯವಾದ ಹಲಗೆಯ ಮೇಲೆ ಮಡಿಸಿದ ಟವೆಲ್, ಅದರ ಮೇಲೆ ಎಡ ಮುಂಗೈ, ಹೆಬ್ಬೆರಳು ಮೇಲ್ಮುಖ. ಬಲ ಅಂಗೈ ಎಡ ಮುಂಗೈಯ ಮೇಲೆ ಸುಮ್ಮನೆ ಕೂತಿರಬೇಕು, ಮಣಿಕಟ್ಟನ್ನು ಹಿಡಿಯುವಂತಿಲ್ಲ. ಹಿಡಿದರೆ ಎಳೆತ ಶುರುವಾಗುತ್ತದೆ. ಆಮೇಲೆ ಆರು ಎಣಿಕೆಯಷ್ಟು ಉಸಿರು ಬಿಡುತ್ತ ಸೊಂಟದಿಂದ ಮುಂದೆ ಬಾಗುವುದು, ನಾಲ್ಕು ಎಣಿಕೆಯಷ್ಟು ಉಸಿರೆಳೆಯುತ್ತ ಹಿಂದಕ್ಕೆ ಬರುವುದು. ಇಲ್ಲಿ ಮುಂದೆ ಹೋಗುವುದು ಮುಂಡ. ಕೈ ಅದರ ಜೊತೆ ಜಾರುತ್ತದೆ ಅಷ್ಟೇ, ಭುಜಫಲಕವೂ ಹಿಂದಿನಿಂದ ಸರಿದುಬರುತ್ತದೆ. ಆರು ಸಲ, ಕೊನೆಯ ಸಲ ಮುಂದೆಯೇ 20 ಸೆಕೆಂಡ್ ನಿಲ್ಲುವುದು. ಎಡ ಭುಜ ಬಲಕ್ಕಿಂತ ಮೇಲೇರಿದರೆ ಅಥವಾ ಮುಂಡ ಬಲಕ್ಕೆ ಹೊರಳಿದರೆ ದೂರ ಹೆಚ್ಚಾಯಿತು ಎಂದರ್ಥ, ಅರ್ಧಕ್ಕೆ ಇಳಿಸಬೇಕು.

ನಿಧಾನ ಇಲ್ಲಿ ಅನಿವಾರ್ಯ. ಬಿಗಿತವಿರುವ ಸ್ನಾಯುವನ್ನು ಬೇಗನೆ ಹಿಗ್ಗಿಸಿದರೆ ಅದು ತಿರುಗಿ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಮುಷ್ಟಿ ಬಿಡಿಸುವಾಗಲೂ ಅಷ್ಟೇ. ಬೆರಳ ತುದಿ ಹಿಡಿದು ಎಳೆಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಅದೇ ತಪ್ಪು. ಮಣಿಕಟ್ಟನ್ನು ಅಂಗೈ ಕಡೆಗೆ ಸ್ವಲ್ಪ ಬಗ್ಗಿಸಿದರೆ ಬೆರಳುಗಳು ತಾವಾಗಿ ಸಡಿಲವಾಗುತ್ತವೆ. ಆಗ ಹೆಬ್ಬೆರಳನ್ನು ಬುಡದಿಂದ ಹೊರಕ್ಕೆ ತಂದು, ಉಳಿದವನ್ನು ಬಿಡಿಸಿ, ಕೊನೆಗೆ ಮಣಿಕಟ್ಟನ್ನು ನೇರಕ್ಕೆ ತರಬೇಕು.

ಎಡಗಡೆಯನ್ನು ಹುಡುಕಿಸುವುದು

ಶಿಕ್ಷಕರು ಎದುರು ಕೂತು ಕನ್ನಡಿಯಂತೆ ಮಾಡಿ ತೋರಿಸುವ ಪದ್ಧತಿ ಕೈಬಿಡಬೇಕಾಯಿತು. ಮೆದುಳಿನ ಬಲಭಾಗಕ್ಕೆ ಪೆಟ್ಟಾದವರಿಗೆ ದಿಕ್ಕಿನ ಲೆಕ್ಕ ಸುಲಭವಾಗಿ ಗೊಂದಲವಾಗುತ್ತದೆ. ಎದುರಿನವರ ಬಲ ತನ್ನ ಎಡ ಎಂದು ತಿರುಗಿಸಿಕೊಳ್ಳುವಷ್ಟರಲ್ಲಿ ಆಸನವೇ ಮುಗಿದಿರುತ್ತದೆ. ಶಿಕ್ಷಕರು ಪಕ್ಕದಲ್ಲಿ, ಅದೇ ದಿಕ್ಕಿಗೆ ಮುಖ ಮಾಡಿ ಕೂತರು. ಮೊದಲ ವಾರ ಬಲಕ್ಕೆ, ಸೂಚನೆ ಕಿವಿಗೆ ಬೀಳಬೇಕಲ್ಲ. ನಂತರ ಹಂತಹಂತವಾಗಿ ನಡುವಿಗೆ, ಆಮೇಲೆ ಎಡಕ್ಕೆ.

ಮೇಜಿನ ಎಡ ಅಂಚಿಗೂ ಎಡ ಮೊಣಕಾಲಿಗೂ ಕೆಂಪು ಪಟ್ಟಿ ಅಂಟಿಸಲಾಯಿತು. ಪ್ರತಿ ಆಸನಕ್ಕೆ ಮೊದಲು ಮೂರು ಚಿಕ್ಕ ಸೂಚನೆ, ಒಂದು ಮುಗಿದ ಮೇಲೆ ಇನ್ನೊಂದು: "ಕೆಂಪು ಪಟ್ಟಿ ನೋಡಿ. ಬಲಗೈಯಿಂದ ಎಡಗೈ ಮುಟ್ಟಿ. ಎಡಗೈ ದಿಂಬಿನ ಮೇಲಿದೆಯಾ?" ಪೂರ್ತಿ ಆಸನವನ್ನು ಒಂದೇ ಉಸಿರಿನಲ್ಲಿ ವಿವರಿಸಿದರೆ ಕೊನೆಯ ಮಾತು ಮಾತ್ರ ಉಳಿಯುತ್ತದೆ. ಕಣ್ಣು ಮುಚ್ಚಿಸುವುದನ್ನು ನಿಲ್ಲಿಸಿದರು: ಎಡಗೈ ಎಲ್ಲಿದೆ ಎಂದು ಹೇಳಲು ಇವರಿಗೆ ಉಳಿದಿರುವುದು ಕಣ್ಣೊಂದೇ.

ಕುಳಿತು ಮಾಡುವ ತಿರುವಿನಲ್ಲಿ ಎಡಕ್ಕೆ ತಿರುಗುವುದನ್ನು ಮಾತ್ರ ಉಳಿಸಿಕೊಂಡರು. ತಲೆಯೂ ಕಣ್ಣೂ ಎಡಕ್ಕೆ ಹೋಗುವುದರಿಂದ ಗಮನಕ್ಕೂ ಅದು ಅಭ್ಯಾಸ. ಬಲಕ್ಕೆ ತಿರುಗಿದರೆ ಎಡಗೈ ಎದೆಯ ಅಡ್ಡಕ್ಕೆ ಎಳೆಯಲ್ಪಡುತ್ತಿತ್ತು. "ಇನ್ನೊಂದು ಕಡೆ ಮಾಡಿಸಲಿಲ್ಲವಲ್ಲ" ಎಂದು ಅವರೇ ಎರಡು ಮೂರು ಸಲ ನೆನಪಿಸಿದರು.

ನಿಲ್ಲುವ ಭಾಗ

ಸುಸ್ತು ಬೇಗ ಆವರಿಸುವುದರಿಂದ ಕಷ್ಟದ ಭಾಗವನ್ನು ಮೊದಲ 20 ನಿಮಿಷದೊಳಗೇ ಮುಗಿಸಬೇಕು. ಏಳುವಾಗ ಎಡಪಾದ ಬಲಪಾದಕ್ಕಿಂತ ಅರ್ಧ ಪಾದದಷ್ಟು ಹಿಂದೆ. ಹೀಗಿಟ್ಟರೆ ಎಡಗಾಲು ಹೊರೆ ಹೊರಲೇಬೇಕಾಗುತ್ತದೆ. ಬಲಪಾದ ಹಿಂದಿದ್ದರೆ ಪೂರ್ತಿ ಕೆಲಸ ಅದೇ ಮಾಡಿಬಿಡುತ್ತದೆ. ಮೂಗು ಕಾಲ್ಬೆರಳನ್ನು ದಾಟುವಷ್ಟು ಮುಂದೆ ಬಾಗಿ, ಉಸಿರು ಬಿಡುತ್ತ ಎದ್ದು, ಕೂರುವಾಗ ನಾಲ್ಕು ಎಣಿಕೆ. ಐದು ಸಲ. ಸಹಾಯಕರು ಎಡಕ್ಕೆ ತುಸು ಹಿಂದೆ ನಿಂತು ಸೊಂಟದ ಬೆಲ್ಟ್ ಹಿಡಿಯುತ್ತಾರೆ, ತೋಳನ್ನು ಮುಟ್ಟುವುದಿಲ್ಲ.

ವೃಕ್ಷಾಸನ ಬೇಕೆಂದು ಅವರು ಹಟ ಹಿಡಿದರು. ಬಲಗಾಲೆತ್ತಿ ಎಡಗಾಲಿನ ಮೇಲೆ ನಿಲ್ಲುವುದು ಆಗದ ಮಾತು, ಎಡಗಾಲೆತ್ತಿ ಬಲಗಾಲಿನ ಮೇಲೆ ನಿಂತರೆ ಉಪಯೋಗವಿಲ್ಲ. ಕೊನೆಗೆ ಬಲಪಾದವನ್ನು 10 ಸೆಂ.ಮೀ. ಎತ್ತರದ ಬ್ಲಾಕಿನ ಮೇಲೆ ಇಟ್ಟು, ಬಲ ಅಂಗೈ ಮೇಜಿನ ಮೇಲೆ, ಎಡಗೈ ಸೊಂಟಪಟ್ಟಿಯ ಚೀಲದೊಳಗೆ, ಮೂರು ಉಸಿರು ನಿಲ್ಲುವುದು. ತೂಕ ತಾನಾಗಿ ಎಡಕ್ಕೆ ಸರಿಯುತ್ತದೆ. ಇಲ್ಲಿ ಕೆಡುವುದು ಎಡ ಮೊಣಕಾಲು: ಸ್ನಾಯು ಸೋತಾಗ ಅದು ಹಿಂದಕ್ಕೆ ಸೆಟೆದು ಮೂಳೆಯ ಮೇಲೇ ನಿಲ್ಲುತ್ತದೆ. ಎದುರಿನಿಂದ ನೋಡಿದರೆ ಇದು ಕಾಣುವುದಿಲ್ಲ, ಪಕ್ಕದಿಂದ ನೋಡಬೇಕು. "ಮೊಣಕಾಲು ಸಡಿಲ" ಎಂದರೆ ಐದು ಡಿಗ್ರಿಯಷ್ಟು ಬಾಗಿದರೆ ಸಾಕು.

ಶ್ರಮ ಎಷ್ಟಾಯಿತು ಎಂದು ತಿಳಿಯಲು ಎಡಗೈಯೇ ಮಾಪಕ. ಕಾಲಿಗೆ ಕೆಲಸ ಹೆಚ್ಚಾದ ಕೂಡಲೇ ಎಡ ಮೊಣಕೈ ಮಡಚಿ ಮುಷ್ಟಿ ಗಟ್ಟಿಯಾಗುತ್ತದೆ. "ಹತ್ತರಲ್ಲಿ ಎಷ್ಟು ಕಷ್ಟ?" ಎಂದು ಕೇಳಿದರೆ ಇವರದು ಯಾವಾಗಲೂ ಎರಡು. ಎಡಗೈ ಮಾತ್ರ ಸುಳ್ಳು ಹೇಳುತ್ತಿರಲಿಲ್ಲ. ಅದು ಮಡಚಿದ ಕ್ಷಣ ಕೂರಿಸಿ, ಕೈ ಸಡಿಲವಾಗುವವರೆಗೆ ಕಾಯುವುದು, ಮುಂದಿನ ಸಲ ಒಂದು ಉಸಿರು ಕಡಿಮೆ ಮಾಡುವುದು. ಆರನೇ ವಾರದ ನಂತರ ಅವರೇ ಕೈ ನೋಡಿಕೊಂಡು ಕೂರಲು ಕಲಿತರು.

ಉಸಿರು ಮತ್ತು ವಿಶ್ರಾಂತಿ

ಕಪಾಲಭಾತಿ, ಭಸ್ತ್ರಿಕಾದಂಥ ಜೋರಿನ ಉಸಿರಾಟ, ಉಸಿರು ಹಿಡಿದಿಡುವ ಕುಂಭಕ ಬೇಡ. ಉಸಿರು ಕಟ್ಟಿ ಮುಕ್ಕಿದರೆ ಬಿಪಿ ಏರುತ್ತದೆ. ನಾಲ್ಕು ಎಣಿಕೆ ಒಳಕ್ಕೆ, ಆರು ಹೊರಕ್ಕೆ; ಗುಂಯ್‌ಗುಡುತ್ತ ಉಸಿರು ಬಿಡುವ ಭ್ರಾಮರಿ ಐದು ಸಲ, ಕಿವಿ ಮುಚ್ಚದೆ. ತಲೆ ಸೊಂಟಕ್ಕಿಂತ ಕೆಳಗೆ ಹೋಗುವ ಯಾವುದೂ ಇಲ್ಲ.

ಶವಾಸನ ನೆಲದ ಮೇಲಲ್ಲ, ಮೊಣಕಾಲೆತ್ತರದ ಗಟ್ಟಿ ಮಂಚದ ಮೇಲೆ. ಎಡ ಭುಜಫಲಕದ ಕೆಳಗೆ ತೆಳು ದಿಂಬು, ಇಲ್ಲದಿದ್ದರೆ ಭುಜ ಹಿಂದಕ್ಕೆ ಬೀಳುತ್ತದೆ. ತೋಳು ಮೈಯಿಂದ ಸ್ವಲ್ಪ ದೂರ, ಮೊಣಕೈಯಿಂದ ಬೆರಳವರೆಗೂ ಆಧಾರ. ಎಂಟು ನಿಮಿಷ. ಏಳುವಾಗ ಮೊದಲು ಬಲಗೈಯಿಂದ ಎಡಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಬಲಮಗ್ಗುಲಾಗಬೇಕು. ಎಡಮಗ್ಗುಲಿಗೆ ಹೊರಳುವುದು ಅವರಿಗೆ ಸುಲಭ, ಆದರೆ ನೋಯುವ ಭುಜದ ಮೇಲೆ ಬೀಳುತ್ತಾರೆ. ಕೂತು ಒಂದು ನಿಮಿಷದ ನಂತರ ನಿಲ್ಲುವುದು. ಕೆಲವು ದಿನ ಈ ಹೊತ್ತಿನಲ್ಲಿ ಕಾರಣವಿಲ್ಲದೆ ಅಳು ಬರುತ್ತಿತ್ತು. ಪಾರ್ಶ್ವವಾಯುವಿನ ನಂತರ ಹೀಗಾಗುವುದುಂಟು. ಸಮಾಧಾನದ ಭಾಷಣಕ್ಕಿಂತ ಒಂದು ನಿಮಿಷ ಸುಮ್ಮನಿರುವುದು ಒಳ್ಳೆಯದು. ಆದರೆ ಬಾಯಿ ಓರೆಯಾಗುವುದು, ಮಾತು ತೊದಲುವುದು, ಹೊಸದಾಗಿ ಕೈಕಾಲು ಸೋಲುವುದು, ಹಠಾತ್ ತೀವ್ರ ತಲೆನೋವು — ಇವು ಕಂಡರೆ ಕಾಯುವಂತಿಲ್ಲ, ತಕ್ಷಣ ಆಂಬುಲೆನ್ಸ್.

ಹನ್ನೆರಡನೇ ವಾರ

ಭುಜದ ಮಟ್ಟಕ್ಕೆ ತೋಳೆತ್ತಿದಾಗಿನ ನೋವು ಏಳರಿಂದ ಎರಡಕ್ಕೆ ಇಳಿಯಿತು. ಇದರಲ್ಲಿ ಯೋಗದ ಪಾಲೆಷ್ಟು, ಕಂಕುಳಲ್ಲಿ ಎತ್ತುವುದನ್ನು ನಿಲ್ಲಿಸಿದ್ದರ ಪಾಲೆಷ್ಟು ಎಂದು ಬೇರ್ಪಡಿಸಲಾಗದು. ಎರಡನೆಯದರ ಪಾಲೇ ದೊಡ್ಡದಿದ್ದೀತು. ಐದು ಸಲ ಎದ್ದು ಕೂರಲು 19 ಸೆಕೆಂಡ್. ತೂಕದ ಯಂತ್ರಗಳಲ್ಲಿ ಎಡಗಾಲಿನ ಪಾಲು 41. ಗೆರೆಯ ಗುರುತು ಒಂದೂವರೆ ಸೆಂ.ಮೀ. ಬಲಕ್ಕೆ. ಬೆರಳುಗಳ ಚಲನೆಯಲ್ಲಿ ಬದಲಾವಣೆ ಇಲ್ಲ, ಕೀಲಿನ ತಗ್ಗೂ ಹಾಗೇ ಇದೆ.

ಮನೆಯವರಿಗೆ ಇದನ್ನು ಇದ್ದ ಹಾಗೇ ಹೇಳಬೇಕು. ಪಾರ್ಶ್ವವಾಯುವಿನ ನಂತರದ ಯೋಗದ ಬಗ್ಗೆ ಆವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿದ 2017ರ ಕಾಕ್ರೇನ್ ವಿಮರ್ಶೆಗೆ ಸಿಕ್ಕಿದ್ದು ಎರಡೇ ಪ್ರಯೋಗ, ಒಟ್ಟು 72 ಮಂದಿ. ಸೋತ ಕೈ ಯೋಗದಿಂದ ಎದ್ದುಬರುತ್ತದೆ ಎನ್ನಲು ಅಷ್ಟು ಆಧಾರ ಸಾಲದು.

ಮೇಲಕ್ಕೆ ಕೈ ಎತ್ತುವುದು ಯಾವಾಗ ಎಂದು ಹನ್ನೆರಡನೇ ವಾರದಲ್ಲೂ ಕೇಳಿದರು. ಫಿಸಿಯೋಥೆರಪಿಸ್ಟ್ ಭುಜಫಲಕವನ್ನು ಕೈಯಿಂದ ತಿರುಗಿಸಿಕೊಡುತ್ತ, ತೋಳನ್ನು ಹೊರಮುಖವಾಗಿಸಿ ನೋವಿಲ್ಲದೆ ಎತ್ತಿದಾಗ ಮಾತ್ರ, ಅದೂ ಅವರ ಕೈಯಲ್ಲೇ. ಅಲ್ಲಿಯವರೆಗೆ ಬಲಗೈ ಒಂದನ್ನೇ ತಲೆಯ ಮೇಲೆತ್ತಿ, ಎಡಗೈ ದಿಂಬಿನ ಮೇಲಿರುವುದನ್ನು ಕಣ್ಣಿಂದ ನೋಡುತ್ತ, ಆರು ಉಸಿರು. ಮನೆಯ ಅಭ್ಯಾಸದ ಚೀಟಿಯಲ್ಲೂ ಹಾಗೇ ಬರೆದಿದೆ. ಅದರ ಮೊದಲ ಸಾಲು ಸಹಾಯಕರಿಗೆ: ಏಳಿಸುವಾಗ ಕಂಕುಳಿಗೆ ಕೈ ಹಾಕಬೇಡಿ, ಬೆಲ್ಟ್ ಹಿಡಿಯಿರಿ.